ಸಮಾರಂಭ: ಸಿದ್ಧತೆಯ ಹೊಣೆ ಯಾರದು?

ಇಂದಿನ ಕನ್ನಡದಲ್ಲಿ ‘ಸಮಾರಂಭ’ ಎಂದರೆ ಉತ್ಸವ, ಸಭೆ, ಮದುವೆಯ ಚಪ್ಪರ. ಆಮಂತ್ರಣ ಪತ್ರಿಕೆಗಳಲ್ಲಿ ನಿತ್ಯವೂ ಕಾಣುವ ಈ ಶಬ್ದಕ್ಕೆ ಜೈನ ಕರ್ಮಸಿದ್ಧಾಂತದಲ್ಲಿ ಬೇರೆಯೇ ಆದ, ಹೆಚ್ಚು ಗಂಭೀರವಾದ ಅರ್ಥವಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಯಾವುದೇ ಕೃತ್ಯವು ಮೂರು ಮೆಟ್ಟಿಲುಗಳನ್ನೇರಿ ಬರುವುದೆಂದು ಹೇಳುತ್ತದೆ. ಮಾಡಬೇಕೆಂದು ಮನಸ್ಸು ಹೂಡುವುದು ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸಿಕೊಂಡು ಅಭ್ಯಾಸ ಮಾಡುವುದು ಸಮಾರಂಭ. ಕೃತ್ಯಕ್ಕೆ ಕೈಹಾಕುವುದು ಆರಂಭ. ಈ ಮೂರು ಶಬ್ದಗಳ ಅಂತರವನ್ನು ಕನ್ನಡ ನಾಡಿನ ಆಚಾರ್ಯರಾದ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ತೋರಿಸಿದ್ದಾರೆ.

ಈ ಮೂರನ್ನು ಮನಸ್ಸು, ಮಾತು, ಕಾಯಗಳೆಂಬ ಮೂರರಿಂದಲೂ, ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂಬ ಮೂರರಿಂದಲೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕರಿಂದಲೂ ಗುಣಿಸಿದರೆ 108 ಬರುತ್ತದೆ. ಜಪಮಾಲೆಯ ಮಣಿಗಳ ಎಣಿಕೆಗೆ ಹಿರಿಯರು ಈ ಕಾರಣವನ್ನೂ ಹೇಳುವುದುಂಟು. ಹಾಗಾದರೆ ಆ ಮಾಲೆಯ ಮೂರನೆಯ ಒಂದು ಭಾಗ, ಎಂದರೆ 36 ಮಣಿಗಳು, ಇನ್ನೂ ನಡೆಯದ ಕೃತ್ಯದ ಸಿದ್ಧತೆಗೆ ಸಂಬಂಧಿಸಿದವು. ಇಲ್ಲೊಂದು ಪ್ರಶ್ನೆ ಏಳುತ್ತದೆ. ಕೊಲೆ ನಡೆದಿಲ್ಲ, ರಕ್ತ ಹರಿದಿಲ್ಲ, ಎದುರಿಗೆ ಶತ್ರುವೂ ಇಲ್ಲ. ಬರಿಯ ಅಭ್ಯಾಸ ನಡೆದಿದೆ. ಅದಕ್ಕೂ ನೈತಿಕ ಹೊಣೆಯುಂಟೇ? ಉಂಟಾದರೆ ಅದು ಯಾರ ಮೇಲೆ, ಎಷ್ಟು?

ಪ್ರಶ್ನೆಯನ್ನು ಶಬ್ದಗಳಲ್ಲಿಯೇ ಇಟ್ಟುಕೊಂಡರೆ ಅದು ತರ್ಕವಾಗಿ ಉಳಿಯುತ್ತದೆ. ಒಂದು ನಿಜವಾದ ಉದಾಹರಣೆಯ ಮೇಲಿಟ್ಟು ನೋಡುವುದು ಲೇಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ಎಂಬ ಸಣ್ಣ ಊರಿನಲ್ಲಿ ತರಬೇತಿ ಪಡೆದ 99ನೆಯ ಫೈಟರ್ ಸ್ಕ್ವಾಡ್ರನ್ ಎಂಬ ಯುದ್ಧವಿಮಾನ ದಳ ಅಂಥ ಒಂದು ಉದಾಹರಣೆ. ಆ ದಳ ಯುದ್ಧಭೂಮಿಯನ್ನು ಕಾಣುವ ಮುನ್ನ ಬಹುಕಾಲ ಸಿದ್ಧತೆಯಲ್ಲಿಯೇ ಕಳೆಯಿತು. ಅದರ ದಿನಚರಿಯು ‘ಸಮಾರಂಭ’ ಎಂಬ ಶಬ್ದಕ್ಕೆ ಬರೆದ ಭಾಷ್ಯದಂತಿದೆ.

ದಳ ಹುಟ್ಟಿದ ಬಗೆ

ಅಮೆರಿಕದ ಸೈನ್ಯದಲ್ಲಿ ಆಗ ವರ್ಣಭೇದವು ಕಟ್ಟುಪಾಡಾಗಿತ್ತು. ಕಪ್ಪು ವರ್ಣದವರು ಬುದ್ಧಿಯಲ್ಲಿಯೂ ಧೈರ್ಯದಲ್ಲಿಯೂ ಕೀಳೆಂದು ಸೈನ್ಯದ ಉನ್ನತ ವಿದ್ಯಾಲಯವೊಂದು 1925ರಲ್ಲಿ ವರದಿಯನ್ನೇ ಬರೆದಿತ್ತು. ವಾಯುದಳದ ಬಾಗಿಲು ಅವರಿಗೆ ಮುಚ್ಚಿತ್ತು. 1941ರ ಜನವರಿಯಲ್ಲಿ ಹೊವರ್ಡ್ ವಿಶ್ವವಿದ್ಯಾಲಯದ ಯಾನ್ಸಿ ವಿಲಿಯಮ್ಸ್ ಎಂಬ ವಿದ್ಯಾರ್ಥಿ ತನ್ನನ್ನು ವಿಮಾನ ಚಾಲಕನಾಗಿ ಸೇರಿಸಿಕೊಳ್ಳಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದ. ಅದೇ ತಿಂಗಳು ಯುದ್ಧ ಇಲಾಖೆಯು ಕಪ್ಪು ವರ್ಣದವರದೇ ಪ್ರತ್ಯೇಕ ದಳವೊಂದನ್ನು ಕಟ್ಟುವುದಾಗಿ ಪ್ರಕಟಿಸಿತು. ತಾರತಮ್ಯವನ್ನು ಬಿಡದೆ ಬೇಡಿಕೆಯನ್ನು ಈಡೇರಿಸುವ ಉಪಾಯವದು.

ಸ್ಥಳವಾಗಿ ಟಸ್ಕೀಗಿಯನ್ನು ಆರಿಸಿದರು. ಗುಲಾಮಗಿರಿಯಲ್ಲಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ 1881ರಲ್ಲಿ ಕಟ್ಟಿ ಬೆಳೆಸಿದ ವಿದ್ಯಾಸಂಸ್ಥೆ ಅಲ್ಲಿತ್ತು. ಹತ್ತಿ ಬೆಳೆದು ಬೆಳೆದು ಸಾರ ಕಳೆದುಕೊಂಡ ಹೊಲಗಳಿಗೆ ನೆಲಗಡಲೆ ಬಿತ್ತಿ ಜೀವ ತುಂಬಬಹುದೆಂದು ಬಡ ರೈತರಿಗೆ ತೋರಿಸಿಕೊಟ್ಟ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1943ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಮಣ್ಣನ್ನು ಬದುಕಿಸುವ ವಿದ್ಯೆಯೂ ಆಕಾಶದಿಂದ ಕೊಲ್ಲುವ ವಿದ್ಯೆಯೂ ಕೆಲವು ಕಾಲ ಒಂದೇ ಊರಿನ ನೆರಳಿನಲ್ಲಿ ನಡೆದವು.

ಪ್ರಾಥಮಿಕ ತರಬೇತಿಯ ಮೋಟನ್ ಮೈದಾನಕ್ಕೆ ಹಣ ಒದಗಿದ ರೀತಿ ಧರ್ಮಸಂಸ್ಥೆಗಳನ್ನು ನಡೆಸುವವರು ಗಮನಿಸಬೇಕಾದದ್ದು. ಜೂಲಿಯಸ್ ರೋಸೆನ್ವಾಲ್ಡ್ ಎಂಬ ದೊಡ್ಡ ವರ್ತಕ ಸ್ಥಾಪಿಸಿದ ದತ್ತಿನಿಧಿಯು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ವರ್ಣದ ಮಕ್ಕಳಿಗಾಗಿ ಸುಮಾರು 5,000 ಶಾಲೆಗಳನ್ನು ಕಟ್ಟಿಸಲು ನೆರವಾಗಿತ್ತು. ಅದೇ ನಿಧಿ 1941ರಲ್ಲಿ ಈ ವಿಮಾನ ಮೈದಾನಕ್ಕೆ ಸಾಲ ಕೊಟ್ಟಿತು. ನಿಧಿಯ ಧರ್ಮದರ್ಶಿಗಳಲ್ಲಿ ಒಬ್ಬರಾಗಿದ್ದ ಎಲಿನಾರ್ ರೂಸ್‌ವೆಲ್ಟ್, ಎಂದರೆ ಅಧ್ಯಕ್ಷರ ಪತ್ನಿ, ಆ ಮಾರ್ಚಿಯಲ್ಲಿ ಟಸ್ಕೀಗಿಗೆ ಬಂದು ಆಲ್ಫ್ರೆಡ್ ಆ್ಯಂಡರ್ಸನ್ ಎಂಬ ಕಪ್ಪು ವರ್ಣದ ಶಿಕ್ಷಕರ ವಿಮಾನದಲ್ಲಿ ಕುಳಿತು ಹಾರಾಡಿ ಇಳಿದರು. ಕರಿಯರ ಕೈಯಲ್ಲಿ ವಿಮಾನವೇ ಎಂದು ನಗುತ್ತಿದ್ದವರ ಬಾಯಿಗೆ ಅದೊಂದು ಉತ್ತರವಾಯಿತು. ದಾನದ ಹಣ, ನ್ಯಾಯದ ಬೇಡಿಕೆ, ಯುದ್ಧದ ಅಗತ್ಯ ಈ ಮೂರೂ ಒಂದೇ ಮೈದಾನದಲ್ಲಿ ಹೀಗೆ ಕೂಡಿಕೊಂಡವು.

ಎಚ್ಚರದ ದಿನಚರಿ

1941ರ ಜುಲೈನಲ್ಲಿ ಮೊದಲ ತಂಡದಲ್ಲಿ ಸೇರಿದವರು 13 ಮಂದಿ. 1942ರ ಮಾರ್ಚ್ 7ರಂದು ಚಾಲಕರಾಗಿ ತೇರ್ಗಡೆಯಾದವರು ಐದೇ ಮಂದಿ. ಉಳಿದವರನ್ನು ನಡುವೆಯೇ ಕೈಬಿಡಲಾಯಿತು. ತರಬೇತಿಯ ಬಿಗಿ ಎಷ್ಟೆಂಬುದಕ್ಕೆ ಈ ಲೆಕ್ಕವೇ ಸಾಕು.

ಬೆಳಗು ಹರಿಯುವ ಮೊದಲೇ ತುತ್ತೂರಿಯ ಧ್ವನಿಗೆ ಎಚ್ಚರ. ಹಾಸಿಗೆಯ ಹೊದಿಕೆಯಲ್ಲಿ ಒಂದು ಸುಕ್ಕಿದ್ದರೂ ದಂಡನೆ. ಕವಾಯತು, ಉಪಾಹಾರ, ಆಮೇಲೆ ದಿನದ ಅರ್ಧ ಪಾಠಶಾಲೆಯಲ್ಲಿ, ಅರ್ಧ ಮೈದಾನದಲ್ಲಿ. ಪಾಠಶಾಲೆಯಲ್ಲಿ ದಿಕ್ಕು ಕಂಡುಹಿಡಿಯುವ ಗಣಿತ, ಮೋಡ ಗಾಳಿಗಳ ಶಾಸ್ತ್ರ, ಎಂಜಿನ್ನಿನ ರಚನೆ, ಮೋರ್ಸ್ ಸಂಕೇತ, ನೆರಳು ಕಂಡೊಡನೆ ತಮ್ಮದೋ ಪರರದೋ ಎಂದು ವಿಮಾನವನ್ನು ಗುರುತಿಸುವ ಅಭ್ಯಾಸ. ಮೊದಮೊದಲು ಸೈನ್ಯದ ಹೊಸ ವಿಮಾನ ನಿಲ್ದಾಣದಲ್ಲಿ ಕಟ್ಟಡಗಳೇ ಮುಗಿದಿರಲಿಲ್ಲ. ಅಭ್ಯಾಸಿಗಳು ಕೆಸರಿನ ನಡುವೆ ಡೇರೆಗಳಲ್ಲಿ ವಾಸ ಮಾಡಿದರು.

ವಿಮಾನಗಳದೂ ಒಂದು ಸೋಪಾನಕ್ರಮ. ಮೊದಲು ಎರಡು ಜೊತೆ ರೆಕ್ಕೆಗಳ, ಮೇಲೆ ಮುಚ್ಚಳವಿಲ್ಲದ ಸ್ಟಿಯರ್‌ಮನ್ ವಿಮಾನ. ಅಲ್ಲಿ ಶಿಕ್ಷಕ ಮುಂದೆ, ಶಿಷ್ಯ ಹಿಂದೆ. ಇಬ್ಬರ ನಡುವೆ ಮಾತಿಗಾಗಿ ಒಂದು ರಬ್ಬರ್ ಕೊಳವೆ ಇರುತ್ತಿತ್ತು. ಆದರೆ ಅದು ಒಮ್ಮುಖದ ಕೊಳವೆ: ಗುರುವಿನ ಮಾತು ಶಿಷ್ಯನಿಗೆ ಕೇಳುವುದು, ಶಿಷ್ಯನ ಮಾತು ಗುರುವಿಗೆ ಮುಟ್ಟದು. ಕೇಳುವುದು, ತಲೆಯಾಡಿಸುವುದು, ಮಾಡಿ ತೋರಿಸುವುದು ಇಷ್ಟೇ ಅವನ ಪಾಲು. ಕೆಲವು ಗಂಟೆಗಳ ಅಭ್ಯಾಸವಾದ ಮೇಲೆ ಒಂದು ದಿನ ಗುರು ಕೆಳಗಿಳಿದು ನಿಲ್ಲುತ್ತಾನೆ. ಶಿಷ್ಯ ಒಬ್ಬನೇ ಏರುತ್ತಾನೆ. ಅಲ್ಲಿಂದ ಮುಂದೆ ಇನ್ನೂ ಭಾರವಾದ ಬಿಟಿ-13, ಅದರಿಂದ ಚಕ್ರಗಳನ್ನು ಒಳಗೆಳೆದುಕೊಳ್ಳುವ ಎಟಿ-6, ಕೊನೆಗೆ ನಿಜವಾದ ಯುದ್ಧವಿಮಾನ ಪಿ-40.

ಒಂದೊಂದು ವಿಮಾನಕ್ಕೂ ಒಂದೊಂದು ಬಗೆಯ ಮರೆವು ಮಾರಕ. ಚಕ್ರಗಳನ್ನು ಇಳಿಸಲು ಮರೆತರೆ ಎಟಿ-6 ಹೊಟ್ಟೆಯ ಮೇಲೆ ನೆಲಕ್ಕೆ ಬೀಳುತ್ತದೆ. ಪಿ-40ರ ಮೂತಿ ಎಷ್ಟು ಉದ್ದವೆಂದರೆ ನೆಲದ ಮೇಲೆ ಚಲಿಸುವಾಗ ಚಾಲಕನಿಗೆ ನೇರ ಮುಂದಿನ ದಾರಿಯೇ ಕಾಣದು. ಹಾವಿನಂತೆ ಎಡಕ್ಕೂ ಬಲಕ್ಕೂ ತಿರುಗಿಸುತ್ತ, ಪಕ್ಕದಿಂದ ಇಣುಕಿ ನೋಡುತ್ತ ಸಾಗಬೇಕು. ಆದುದರಿಂದ ಏರುವ ಮುನ್ನ ವಿಮಾನದ ಸುತ್ತ ಒಂದು ಪ್ರದಕ್ಷಿಣೆ, ಕೈಯಿಂದ ಮುಟ್ಟಿ ಪರೀಕ್ಷೆ. ಒಳಗೆ ಕುಳಿತ ಮೇಲೆ ಪಟ್ಟಿಯಲ್ಲಿರುವ ಒಂದೊಂದು ಅಂಶವನ್ನೂ ಓದಿ ಪರೀಕ್ಷೆ. ಕಂಠಪಾಠವಾಗಿದ್ದರೂ ಓದಲೇಬೇಕು. ನೆನಪಿದೆ ಎಂಬ ಗರ್ವದಿಂದಲೇ ಮರೆವು ಹುಟ್ಟುವುದೆಂದು ಆ ವಿದ್ಯೆ ಕಂಡುಕೊಂಡಿದೆ.

ಚಾಲಕರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ದಳದ ಹೆಚ್ಚಿನ ಮಂದಿ ನೆಲದ ಮೇಲಿನವರು. 1943ರಲ್ಲಿ ದಳ ಹೊರಟಾಗ ಸುಮಾರು 400 ಜನರಲ್ಲಿ ಚಾಲಕರು ಸಣ್ಣದೊಂದು ಭಾಗ. ಯಂತ್ರಕರ್ಮಿಗಳು ಇಲಿನಾಯ್ ರಾಜ್ಯದ ಶನೂಟ್ ತಾಣದಲ್ಲಿ ತರಬೇತಿ ಪಡೆದು ಬಂದಿದ್ದರು. ಒಂದೊಂದು ವಿಮಾನಕ್ಕೂ ಒಬ್ಬ ಮುಖ್ಯ ಯಂತ್ರಕರ್ಮಿ ಹೊಣೆಗಾರ. ವಿಮಾನದೊಂದಿಗೆ ಒಂದು ದಾಖಲೆ ಪತ್ರವಿರುತ್ತಿತ್ತು. ಸಣ್ಣ ದೋಷವಿದ್ದರೆ ಅದರಲ್ಲಿ ಕೆಂಪು ಶಾಯಿಯಿಂದ ಒಂದು ಓರೆಗೆರೆ. ಹಾರಾಟಕ್ಕೆ ಯೋಗ್ಯವಲ್ಲದಿದ್ದರೆ ಕೆಂಪು ಅಡ್ಡಗುರುತು. ಆ ಅಡ್ಡಗುರುತು ಇರುವವರೆಗೆ ಯಾವ ಅಧಿಕಾರಿಯ ಆತುರಕ್ಕೂ ವಿಮಾನ ಮೇಲೇಳುವಂತಿಲ್ಲ. ಅಂಗಡಿಯ ರೋಜುಕೀರ್ದಿಯಲ್ಲಿ ಒಂದು ಸುಳ್ಳು ನಮೂದು ಆದರೆ ನಷ್ಟ ಹಣದ್ದು. ಇಲ್ಲಿ ಒಂದು ಸುಳ್ಳು ಸಹಿಗೆ ನಷ್ಟ ಪ್ರಾಣದ್ದು. ಪ್ಯಾರಾಚೂಟಿನ ರೇಷ್ಮೆಯನ್ನು ಮಡಿಸಿ ಕಟ್ಟುವವರ ಕೆಲಸವೂ ಅಂಥದೇ. ಅದನ್ನು ಬಿಚ್ಚುವ ಗಳಿಗೆಯಲ್ಲಿ ಮಡಿಸಿದವರು ಹತ್ತಿರ ಇರುವುದಿಲ್ಲ. ಅವರ ಪ್ರಾಮಾಣಿಕತೆ ಮಾತ್ರ ಇರುತ್ತದೆ.

ಇಷ್ಟೆಲ್ಲ ಎಚ್ಚರವಿದ್ದೂ ಸಾವುಗಳು ತಪ್ಪಲಿಲ್ಲ. ಆ ಯುದ್ಧಕಾಲದಲ್ಲಿ ಅಮೆರಿಕದ ನೆಲದ ಮೇಲೆಯೇ, ಶತ್ರುವಿನ ಮುಖವನ್ನೂ ಕಾಣದೆ, ಸೈನ್ಯದ ವಿಮಾನ ಅಪಘಾತಗಳಲ್ಲಿ ಸತ್ತವರು ಸುಮಾರು 15,000 ಮಂದಿ. ಸಿದ್ಧತೆಯೇ ತನ್ನ ಬಲಿಯನ್ನು ಮೊದಲು ತನ್ನವರಿಂದ ಪಡೆಯಿತು.

ಬಟ್ಟೆಯ ಶತ್ರು

ಗುಂಡು ಹಾರಿಸುವ ಅಭ್ಯಾಸಕ್ಕೆ ಟಸ್ಕೀಗಿಯ ಅಭ್ಯಾಸಿಗಳು ಫ್ಲಾರಿಡಾದ ಎಗ್ಲಿನ್ ತಾಣಕ್ಕೆ ಹೋಗುತ್ತಿದ್ದರು. ಇಂಥ ಅಭ್ಯಾಸದಲ್ಲಿ ಒಂದು ವಿಮಾನವು ಉದ್ದವಾದ ಹಗ್ಗದ ತುದಿಯಲ್ಲಿ ಬಟ್ಟೆಯ ಚೀಲವೊಂದನ್ನು ಎಳೆದುಕೊಂಡು ಹಾರುತ್ತದೆ. ಉಳಿದವರು ಸರದಿಯಂತೆ ಬಂದು ಅದಕ್ಕೆ ಗುಂಡು ಹೊಡೆಯುತ್ತಾರೆ. ಒಬ್ಬೊಬ್ಬರ ಗುಂಡುಗಳ ತುದಿಗೆ ಒಂದೊಂದು ಬಣ್ಣ ಬಳಿದಿರುತ್ತದೆ. ಆಮೇಲೆ ಬಟ್ಟೆಯನ್ನು ನೆಲಕ್ಕೆ ಹಾಸಿ ತೂತಿನ ಅಂಚಿನಲ್ಲಿ ಅಂಟಿದ ಬಣ್ಣವನ್ನು ನೋಡಿ ಯಾರಿಗೆ ಎಷ್ಟು ಅಂಕವೆಂದು ಎಣಿಸುತ್ತಾರೆ.

ಇಲ್ಲಿ ಯಾರೂ ಸಾಯುವುದಿಲ್ಲ. ದ್ವೇಷವೂ ಇಲ್ಲ. ಶಾಲೆಯ ಹುಡುಗರ ಪಂದ್ಯದಂತೆ ನಗು, ಛೇಡಿಕೆ, ಹೆಮ್ಮೆ ಇವೆ. ಆದರೂ ಸೂಕ್ಷ್ಮವಾಗಿ ನೋಡಿದರೆ ಸಮಾರಂಭದ ಮುಖ್ಯ ಕ್ರಿಯೆ ನಡೆಯುವುದು ಇಲ್ಲಿಯೇ. ಕೈಗೆ ಗುರಿಯನ್ನು ಕಲಿಸುವುದರ ಜೊತೆಗೆ ಮನಸ್ಸಿಗೆ ಇನ್ನೊಂದನ್ನೂ ಕಲಿಸಲಾಗುತ್ತದೆ: ಎದುರಿಗಿರುವುದು ಬಟ್ಟೆ ಎಂದು. ಮುಂದೊಂದು ದಿನ ಬಟ್ಟೆಯ ಸ್ಥಾನಕ್ಕೆ ಮನುಷ್ಯ ಬಂದಾಗಲೂ ಕೈ ನಡುಗಬಾರದು. ಬಣ್ಣದ ತೂತನ್ನು ಎಣಿಸುವ ಅಭ್ಯಾಸವೇ ಆಗ ನೆರವಾಗುವುದು. ಹಿಂಸೆಯ ಸಿದ್ಧತೆಯೆಂದರೆ ಕ್ರೌರ್ಯವನ್ನು ಕಲಿಯುವುದು ಎಂಬ ಭಾವನೆ ಸಾಮಾನ್ಯ. ಆದರೆ ಅಲ್ಲಿ ಕಲಿಸುವುದು ಎದುರಿನ ಜೀವವನ್ನು ಜೀವವೆಂದು ಕಾಣದಿರುವುದನ್ನು. ಸಭ್ಯರೂ, ವಿನೋದಪ್ರಿಯರೂ, ತಾಯಿತಂದೆಗಳನ್ನು ಪ್ರೀತಿಸುವವರೂ ಇದನ್ನು ಸುಲಭವಾಗಿ ಕಲಿಯಬಲ್ಲರು. ಆದುದರಿಂದಲೇ ಇದು ವಿಚಾರಣೀಯ.

ಎಚ್ಚರ ಯಾರ ಸಲುವಾಗಿ?

ಪ್ರಮಾದದಿಂದ ಪ್ರಾಣಕ್ಕೆ ಉಂಟಾಗುವ ಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ನಿಲುವು. ಎಚ್ಚರದಿಂದ ನಡೆಯುವವನ ಕಾಲಿಗೆ ಸಿಕ್ಕಿ ಜೀವಿಯೊಂದು ಸತ್ತರೂ ಅವನಿಗೆ ಹಿಂಸೆಯ ದೋಷವಿಲ್ಲ. ಎಚ್ಚರಗೇಡಿಯ ಕಾಲಿಗೆ ಯಾವುದೂ ಸಿಕ್ಕದಿದ್ದರೂ ಅವನು ಹಿಂಸಕನೇ ಎಂದು ಅಮೃತಚಂದ್ರಾಚಾರ್ಯರು ವಿವರಿಸುತ್ತಾರೆ. ಹಾಗಾದರೆ ಟಸ್ಕೀಗಿಯ ದಳಕ್ಕಿಂತ ಎಚ್ಚರಿಕೆಯವರು ಯಾರು? ಮುನಿಗಳು ಈರ್ಯಾಸಮಿತಿಯಂತೆ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವಂತೆ ಚಾಲಕನೂ ಎಡಬಲಕ್ಕೆ ತಿರುಗಿ ದಾರಿಯನ್ನು ನೋಡಿಕೊಂಡು ಸಾಗುತ್ತಾನೆ. ವಸ್ತುವನ್ನು ಎತ್ತುವಾಗ ಇಡುವಾಗ ನೋಡಿಕೊಳ್ಳುವ ಸಮಿತಿಯಂತೆ ಯಂತ್ರಕರ್ಮಿಯೂ ಒಂದು ತಿರುಪನ್ನು ಎಲ್ಲಿಟ್ಟೆನೆಂದು ಮರೆಯುವುದಿಲ್ಲ. ಹೊರನೋಟಕ್ಕೆ ಎರಡೂ ಒಂದೇ.

ಅಂತರವಿರುವುದು ಎಚ್ಚರದ ಪ್ರಮಾಣದಲ್ಲಿ ಅಲ್ಲ, ಅದರ ವ್ಯಾಪ್ತಿಯಲ್ಲಿ. ಮುನಿಯ ಎಚ್ಚರ ಇರುವೆಯ ಸಲುವಾಗಿ. ಚಾಲಕನ ಎಚ್ಚರ ತನ್ನ, ತನ್ನ ಜೊತೆಗಾರನ, ತನ್ನ ವಿಮಾನದ ಸಲುವಾಗಿ. ಅದು ನಿಜವಾದ ಗುಣವೇ; ಆದರೆ ಬೇಲಿಯಿರುವ ಗುಣ. ಶಾಸ್ತ್ರದಲ್ಲಿ ಪ್ರಮಾದವೆಂಬುದು ಬರಿಯ ಮರೆವಲ್ಲ, ಕಷಾಯಗಳ ವಶವಾದ ಮನಸ್ಸಿನ ಸ್ಥಿತಿ. ಆದುದರಿಂದ ನೂರಕ್ಕೆ ನೂರು ಎಚ್ಚರವಿದ್ದೂ ಪ್ರಮತ್ತನಾಗಿರುವುದು ಸಾಧ್ಯ.

ಈ ಮಾತಿಗೆ ಅತಿ ಕಠೋರವಾದ ಸಾಕ್ಷಿ ಅದೇ ಊರಿನಲ್ಲಿದೆ. ಅದಕ್ಕೂ ವಿಮಾನದಳಕ್ಕೂ ಸಂಬಂಧವಿಲ್ಲ. ಟಸ್ಕೀಗಿ ಇರುವ ಮೇಕನ್ ಜಿಲ್ಲೆಯಲ್ಲಿ ಅಮೆರಿಕ ಸರಕಾರದ ಆರೋಗ್ಯ ಸೇವೆಯು 1932ರಿಂದ 1972ರವರೆಗೆ ಒಂದು ಅಧ್ಯಯನ ನಡೆಸಿತು. ಸಿಫಿಲಿಸ್ ರೋಗವಿದ್ದ 399 ಬಡ ಕಪ್ಪು ವರ್ಣದ ಗಂಡಸರಿಗೆ ರೋಗದ ನಿಜವನ್ನು ತಿಳಿಸದೆ, ಚಿಕಿತ್ಸೆ ಕೊಡದೆ, ಅದು ದೇಹದಲ್ಲಿ ಹೇಗೆ ಬೆಳೆಯುವುದೆಂದು ವೈದ್ಯರು ಬರೆದಿಟ್ಟರು. ಯುದ್ಧಕಾಲದಲ್ಲಿ ಸೈನ್ಯದ ಭರ್ತಿಯ ಮೂಲಕ ಅವರಲ್ಲಿ ಕೆಲವರಿಗೆ ಚಿಕಿತ್ಸೆ ದೊರೆಯುವ ಸಂದರ್ಭ ಬಂದಾಗ ಅದನ್ನೂ ತಪ್ಪಿಸಿದರು. 1947ರ ಹೊತ್ತಿಗೆ ಪೆನಿಸಿಲಿನ್ ಎಲ್ಲೆಡೆ ರೂಢಿಗೆ ಬಂದ ಮೇಲೂ ಕೊಡಲಿಲ್ಲ. ಆ ದಾಖಲೆಗಳಲ್ಲಿ ಅಜಾಗರೂಕತೆಯಿರಲಿಲ್ಲ. ದಿನಾಂಕ, ರಕ್ತಪರೀಕ್ಷೆ, ಮರಣೋತ್ತರ ಪರೀಕ್ಷೆ ಎಲ್ಲವೂ ಕ್ರಮವಾಗಿದ್ದವು. 1997ರಲ್ಲಿ ಅಮೆರಿಕದ ಅಧ್ಯಕ್ಷರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಒಂದೇ ಜಿಲ್ಲೆ, ಒಂದೇ ಕಾಲ. ಗುಣಪಡಿಸುವುದೇ ವೃತ್ತಿಯಾದವರು ಅತ್ಯಂತ ಎಚ್ಚರದಿಂದ ಜನರನ್ನು ಸಾಯಗೊಟ್ಟರು. ಕೊಲ್ಲುವ ವಿದ್ಯೆಯನ್ನು ಕಲಿಯಬಂದವರು ಅತ್ಯಂತ ಎಚ್ಚರದಿಂದ ಒಬ್ಬರನ್ನೊಬ್ಬರು ಕಾಪಾಡಿದರು. ವೃತ್ತಿಯ ಹೆಸರನ್ನು ನೋಡಿ ಹಿಂಸೆ ಅಹಿಂಸೆಗಳನ್ನು ನಿರ್ಣಯಿಸುವವರು ಇಲ್ಲಿ ತಡೆದು ನಿಲ್ಲಬೇಕು.

ಮೌನದ ಎರಡು ಮುಖಗಳು

ದಳದ ನಾಯಕ ಬೆಂಜಮಿನ್ ಒ. ಡೇವಿಸ್ ಮೊದಲ ಐವರಲ್ಲಿ ಒಬ್ಬ. ಅವನು 1932ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯವನ್ನು ಸೇರಿದಾಗ ಸಹಪಾಠಿಗಳು ನಾಲ್ಕು ವರ್ಷ ಅವನೊಡನೆ ಕರ್ತವ್ಯದ ಮಾತಿನ ಹೊರತು ಒಂದು ಮಾತನ್ನೂ ಆಡಲಿಲ್ಲ. ಕೋಣೆಯಲ್ಲಿ ಜೊತೆಗಾರನಿಲ್ಲ, ಊಟದ ಮೇಜಿನಲ್ಲಿ ಸಂಗಾತಿಯಿಲ್ಲ. ಬೇಸತ್ತು ತಾನಾಗಿಯೇ ಹೋಗಲಿ ಎಂಬುದು ಅವರ ಎಣಿಕೆ. ಅವನು ಹೋಗಲಿಲ್ಲ, 1936ರಲ್ಲಿ 276 ಮಂದಿಯಲ್ಲಿ 35ನೆಯವನಾಗಿ ತೇರ್ಗಡೆಯಾದ.

ಮೌನವು ವ್ರತವಾದಾಗ ಅದು ತನ್ನ ಮಾತಿನಿಂದ ಇತರರಿಗೆ ನೋವಾಗದಿರಲೆಂಬ ಸಂಯಮ. ಅದೇ ಮೌನವು ಇನ್ನೊಬ್ಬನ ಮೇಲೆ ಹೇರಿದ ದಂಡನೆಯಾದಾಗ ಕೈಯೆತ್ತದೆ ಮಾಡುವ ಹಿಂಸೆ. ಕ್ರಿಯೆ ಒಂದೇ, ಸಂಕಲ್ಪ ಬೇರೆ. ಹೊರಗಿನ ಆಚಾರವನ್ನು ಮಾತ್ರ ನೋಡಿ ಗುಣವನ್ನು ಅಳೆಯಬಾರದೆಂಬುದಕ್ಕೆ ಇದು ಇನ್ನೊಂದು ಸಾಕ್ಷಿ.

1942ರ ಬೇಸಗೆಯ ಹೊತ್ತಿಗೆ ದಳಕ್ಕೆ ಚಾಲಕರು ಕೂಡಿದ್ದರು. ಆದರೆ ಅವರನ್ನು ಎಲ್ಲಿಗೂ ಕಳುಹಿಸಲಿಲ್ಲ. ತಮ್ಮೊಡನೆ ಅವರಿರಲೆಂದು ಬಯಸುವ ಸೇನಾಪತಿಗಳು ಇರಲಿಲ್ಲ. ಆಜ್ಞೆಗಾಗಿ ಕಾಯುತ್ತ, ಮಾಡಿದ ಅಭ್ಯಾಸವನ್ನೇ ಮತ್ತೆ ಮತ್ತೆ ಮಾಡುತ್ತ ತಿಂಗಳುಗಳು ಉರುಳಿದವು. ಊರೊಳಗೆ ಹೋದರೆ ನೀರಿನ ನಲ್ಲಿಯಿಂದ ಹಿಡಿದು ಬಸ್ಸಿನ ಆಸನದವರೆಗೆ ಬೇರೆ ವ್ಯವಸ್ಥೆ. ನಿಲ್ದಾಣದೊಳಗೂ ಆ ಭೇದ ಕೆಲವು ಕಾಲ ನಡೆಯಿತು. ಮುಂದೆ ಅಧಿಕಾರಿಯಾಗಿ ಬಂದ ಬಿಳಿಯ ವರ್ಣದ ನೋಯೆಲ್ ಪ್ಯಾರಿಷ್ ಅಭ್ಯಾಸಿಗಳನ್ನು ಮನುಷ್ಯರೆಂದು ಕಂಡು ಅದನ್ನು ಸಡಿಲಿಸಿದ್ದನ್ನು ಅವರು ಕೃತಜ್ಞತೆಯಿಂದ ನೆನೆದಿದ್ದಾರೆ.

ಅಹಿಂಸಾವಾದಿಗೆ ಇಲ್ಲಿ ಒಂದು ಕಷ್ಟವಿದೆ. ಈ ಯುವಕರು ಹೋರಾಡಿ ಪಡೆದದ್ದು ಏನನ್ನು? ಹಿಂಸೆ ಮಾಡುವ ಹಕ್ಕನ್ನೇ? ಆಳವಾಗಿ ನೋಡಿದರೆ ಅವರು ಬೇಡಿದ್ದು ನಂಬಿಕೆಗೆ ಪಾತ್ರರಾಗುವ ಹಕ್ಕನ್ನು. ಕಠಿನವಾದ ಹೊಣೆಯನ್ನು ತಮ್ಮ ಕೈಗೂ ಕೊಡಬಹುದೆಂಬ ಒಪ್ಪಿಗೆಯನ್ನು. ಗೌರವದ ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿ ಆಯುಧದ ಬಾಗಿಲನ್ನು ಮಾತ್ರ ಒಂದಿಷ್ಟು ತೆರೆದಿಟ್ಟ ಸಮಾಜವು, ಅದರೊಳಗೆ ಬಂದವರನ್ನು ಹಿಂಸಾಪ್ರಿಯರೆಂದು ಕರೆಯುವಂತಿಲ್ಲ. ಸೈನ್ಯದಲ್ಲಿ ಭೇದವನ್ನು ತೆಗೆಯಬೇಕೆಂಬ ಅಧ್ಯಕ್ಷ ಟ್ರೂಮನ್ನರ ಆಜ್ಞೆ ಬಂದದ್ದು 1948ರ ಜುಲೈ 26ರಂದು. ಆ ಆಜ್ಞೆಗೆ ನೆಲವನ್ನು ಹದಗೊಳಿಸಿದವುಗಳಲ್ಲಿ ಟಸ್ಕೀಗಿಯ ಶಿಸ್ತೂ ಒಂದು.

ಆರಂಭದ ದಿನ

1943ರ ಏಪ್ರಿಲ್‌ನಲ್ಲಿ ದಳ ಟಸ್ಕೀಗಿಯನ್ನು ಬಿಟ್ಟು ಹಡಗೇರಿ ಉತ್ತರ ಆಫ್ರಿಕಕ್ಕೆ ಹೋಯಿತು. ಮೊರಾಕ್ಕೊದಲ್ಲಿ ಮತ್ತೆ ಒಂದಿಷ್ಟು ಅಭ್ಯಾಸ. ಜೂನ್ 2ರಂದು ಮೊದಲ ಯುದ್ಧಯಾತ್ರೆ. ಜುಲೈ 2ರಂದು ಸಿಸಿಲಿಯ ಮೇಲೆ ಚಾರ್ಲ್ಸ್ ಹಾಲ್ ಎಂಬ ಚಾಲಕ ಜರ್ಮನಿಯ ವಿಮಾನವೊಂದನ್ನು ಹೊಡೆದುರುಳಿಸಿದ. ಅದು ದಳದ ಮೊದಲ ಜಯ. ಜೋಪಾನವಾಗಿ ಇಟ್ಟಿದ್ದ ಒಂದು ಬಾಟಲಿ ಕೋಕಾ ಕೋಲಾವನ್ನು ತಣ್ಣಗೆ ಮಾಡಿ ಅವನಿಗೆ ಬಹುಮಾನವಾಗಿ ಕೊಟ್ಟರು. ಅದೇ ದಿನ ದಳದ ಇಬ್ಬರು ಚಾಲಕರಾದ ಶರ್ಮನ್ ವೈಟ್ ಮತ್ತು ಜೇಮ್ಸ್ ಮೆಕಲಿನ್ ಪ್ರಾಣ ಕಳೆದುಕೊಂಡರು.

ಉರುಳಿದ ವಿಮಾನ ಒಂದೇ ಆಸನದ್ದು. ಆ ಆಸನದಲ್ಲಿದ್ದವನೂ ಯಾವುದೋ ಊರಿನಲ್ಲಿ ಬೆಳಗಿನ ಜಾವ ಎದ್ದು, ಕವಾಯತು ಮಾಡಿ, ಪಟ್ಟಿ ಓದಿ, ಬಟ್ಟೆಗೆ ಗುಂಡು ಹೊಡೆದು ಕಲಿತವನೇ. ಎರಡು ಸಿದ್ಧತೆಗಳು ಆಕಾಶದಲ್ಲಿ ಸಂಧಿಸಿದವು. ಒಂದು ತಂಪು ಪಾನೀಯ ಮತ್ತು ಎರಡು ಖಾಲಿ ಹಾಸಿಗೆಗಳು ಅಂದಿನ ರಾತ್ರಿಯ ಲೆಕ್ಕ. ಆ ಪಾನೀಯವನ್ನು ಕುಡಿದವನನ್ನು ನಿಂದಿಸುವುದು ಸುಲಭ. ಆದರೆ ಅಷ್ಟು ಸಣ್ಣ ಸಂತೋಷದ ಹಿಂದೆ ಅಷ್ಟು ದೊಡ್ಡ ಭಾರವನ್ನು ಹೊತ್ತಿದ್ದವನು ಅವನೊಬ್ಬನೇ ಅಲ್ಲ.

ಮಾಡಿದವರು, ಮಾಡಿಸಿದವರು, ಮೆಚ್ಚಿದವರು

ಗೃಹಸ್ಥನ ಜೀವನದಲ್ಲಿ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುವುದು ಶ್ರಾವಕಾಚಾರದ ಪದ್ಧತಿ: ಬೇಕೆಂದೇ ಮಾಡುವ ಸಂಕಲ್ಪೀ, ಮನೆವಾರ್ತೆಯ ಆರಂಭೀ, ವೃತ್ತಿಯ ಉದ್ಯೋಗೀ, ಆಕ್ರಮಣವನ್ನು ತಡೆಯುವ ವಿರೋಧೀ. ಮೊದಲನೆಯದನ್ನು ಶ್ರಾವಕ ಪೂರ್ತಿಯಾಗಿ ಬಿಡಬೇಕು. ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಲಕ್ಷಾಂತರ ನಿರಪರಾಧಿಗಳನ್ನು ಕೊಂದ ನಾಜಿ ಪ್ರಭುತ್ವವನ್ನು ತಡೆಯುವುದು ವಿರೋಧೀ ಹಿಂಸೆಯ ಎಲ್ಲೆಯೊಳಗೆ ಬರುತ್ತದೆಂದು ಒಪ್ಪಬಹುದು. ಆದರೆ ವಿರೋಧೀ ಎಂಬ ವಿಶೇಷಣ ಸೇರಿದ ಮಾತ್ರಕ್ಕೆ ಅದು ಅಹಿಂಸೆಯಾಗುವುದಿಲ್ಲ. ಅನಿವಾರ್ಯವಾಗಿ ಮಾಡಿದ ಸಾಲವೂ ಸಾಲವೇ, ತೀರಿಸಬೇಕಾದದ್ದೇ.

ಆ ಸಾಲ ಯಾರ ಖಾತೆಗೆ? ಕೃತ, ಕಾರಿತ, ಅನುಮೋದಿತ ಎಂಬ ವಿಭಾಗದ ಮಹತ್ವ ಇಲ್ಲಿ ತಿಳಿಯುತ್ತದೆ. ಲೋಕವು ಮಾಡಿದವನನ್ನು ಮಾತ್ರ ನೋಡುತ್ತದೆ: ಗೆದ್ದರೆ ವೀರ, ತಪ್ಪಿದರೆ ಹಂತಕ. ಶಾಸ್ತ್ರ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಇಪ್ಪತ್ತರ ವಯಸ್ಸಿನ ಚಾಲಕ ಮಾಡಿದವನು. ಅವನನ್ನು ಆರಿಸಿ, ಕಲಿಸಿ, ಕಳುಹಿಸಿದ ಸರಕಾರ, ಕಾರಖಾನೆ, ಸಾಲ ಕೊಟ್ಟ ನಿಧಿ ಮಾಡಿಸಿದವರು. ಬೆಳಗಿನ ಪತ್ರಿಕೆಯಲ್ಲಿ ಉರುಳಿದ ವಿಮಾನಗಳ ಸಂಖ್ಯೆಯನ್ನು ಪಂದ್ಯದ ಅಂಕದಂತೆ ಓದಿ ಹಿಗ್ಗಿದ ಲಕ್ಷಾಂತರ ಗೃಹಸ್ಥರು ಮೆಚ್ಚಿದವರು. ಚಾಲಕ ತನ್ನ ಪಾಲನ್ನು ಪ್ರಾಣವನ್ನೊಡ್ಡಿ ತೆತ್ತ. ಉಳಿದ ಇಬ್ಬರು ತಮ್ಮ ಪಾಲು ಇದೆಯೆಂದೇ ತಿಳಿಯದೆ ಉಂಡು ಮಲಗಿದರು. ಮೂವರಲ್ಲಿ ಹೆಚ್ಚು ಪ್ರಮತ್ತರು ಯಾರೆಂಬುದನ್ನು ಓದುಗರೇ ನಿರ್ಣಯಿಸಲಿ.

ಪಂಪನ ಆದಿಪುರಾಣದಲ್ಲಿ ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ಅಣ್ಣತಮ್ಮಂದಿರ ಕಲಹಕ್ಕೆ ಸೈನಿಕರು ಏಕೆ ಸಾಯಬೇಕೆಂದು ಯೋಚಿಸಿ ಅವರಿಬ್ಬರೇ ಬಲಾಬಲವನ್ನು ತೀರ್ಮಾನಿಸಿಕೊಳ್ಳಲೆಂದು ಮಂತ್ರಿಗಳು ಸೂಚಿಸಿದ ಪ್ರಸಂಗ ಪ್ರಸಿದ್ಧ. ಮಾಡಿಸುವವನೇ ಮಾಡಬೇಕಾಗಿ ಬಂದುದರಿಂದ ಆ ಯುದ್ಧ ವೈರಾಗ್ಯದಲ್ಲಿ ಮುಗಿಯಿತು. ಆಧುನಿಕ ಯುದ್ಧದಲ್ಲಿ ಅಂಥ ಮಂತ್ರಿಗಳಿಲ್ಲ. ಮಾಡಿಸುವವರಿಗೂ ಮಾಡುವವರಿಗೂ ನಡುವೆ ಸಾವಿರಾರು ಮೈಲಿಗಳ ಅಂತರವಿದೆ. ಆ ಅಂತರವೇ ಆತ್ಮವಂಚನೆಗೆ ಎಡೆಗೊಡುತ್ತದೆ.

ಮನೆಮನೆಯ ಸಮಾರಂಭ

ಯುದ್ಧದ ಉದಾಹರಣೆ ದೂರದ್ದೆಂದು ತೋರಬಹುದು. ಆದರೆ ಸಿದ್ಧತೆ ಇಲ್ಲದ ಮನೆಯಿಲ್ಲ. ಇಂದಿನ ಮಕ್ಕಳೂ ಬೆಳಗಿನ ಜಾವ ಏಳುತ್ತಾರೆ. ವರ್ಷಗಟ್ಟಲೆ ಪರೀಕ್ಷೆಗೆ ಅಭ್ಯಾಸ ಮಾಡುತ್ತಾರೆ. ಅಂಕಗಳನ್ನು ಎಣಿಸುವಾಗ ಎದುರಿನ ಹುಡುಗನೂ ತನ್ನಂಥವನೇ ಎಂಬುದು ಮರೆತುಹೋಗುತ್ತದೆ. ವ್ಯಾಪಾರದ ಮಗ್ಗುಲುಗಳನ್ನು ಕಲಿಯುವ ಯುವಕನಿಗೆ ಗಿರಾಕಿ ಒಂದು ಸಂಖ್ಯೆಯಾಗುತ್ತಾನೆ. ಅವರೆಲ್ಲ ಶ್ರಮಜೀವಿಗಳು, ಶಿಸ್ತಿನವರು, ಎಚ್ಚರಿಕೆಯವರು. ಆ ಎಚ್ಚರಕ್ಕೆ ಬೇಲಿ ಎಲ್ಲಿದೆಯೆಂದು ಕೇಳುವವರು ಮಾತ್ರ ಬೇಕಾಗಿದೆ. ಆ ಪ್ರಶ್ನೆಯನ್ನು ಕೇಳುವ ಹೊಣೆ ಕಲಿಯುವವನಿಗಿಂತ ಹೆಚ್ಚಾಗಿ ಕಲಿಸುವವರದು, ಖರ್ಚು ಕೊಡುವವರದು, ಚಪ್ಪಾಳೆ ತಟ್ಟುವವರದು.

ಬಸದಿಯ ನಿಧಿಯಿಂದ ವಿದ್ಯಾರ್ಥಿನಿಲಯ ನಡೆಸುವವರು, ಮಕ್ಕಳಿಗೆ ವಿದ್ಯೆ ಕೊಡಿಸುವ ತಂದೆತಾಯಿಗಳು ವರ್ಷಕ್ಕೊಮ್ಮೆಯಾದರೂ ತಮ್ಮ ಲೆಕ್ಕಪತ್ರದ ಜೊತೆಗೆ ಈ ಲೆಕ್ಕವನ್ನೂ ನೋಡಬೇಕು: ಈ ಹಣ, ಈ ಶ್ರಮ ಯಾವ ಕೃತ್ಯದ ಸಮಾರಂಭ? ಟಸ್ಕೀಗಿಯ ಯಂತ್ರಕರ್ಮಿಯಂತೆ, ದೋಷ ಕಂಡಲ್ಲಿ ಕೆಂಪು ಅಡ್ಡಗುರುತನ್ನು ಹಾಕಿ ಮೇಲಿನವರ ಆತುರವನ್ನು ತಡೆಯುವ ಧೈರ್ಯ ಒಬ್ಬ ಧರ್ಮದರ್ಶಿಗೆ ಇದ್ದರೆ ಎಷ್ಟೋ ಅನಾಹುತಗಳು ನೆಲದ ಮೇಲೆಯೇ ನಿಲ್ಲುತ್ತವೆ. ಕೃತ್ಯ ನಡೆದ ಮೇಲೆ ಮಾಡುವ ಪ್ರಾಯಶ್ಚಿತ್ತಕ್ಕಿಂತ ಸಿದ್ಧತೆಯ ಗಳಿಗೆಯಲ್ಲಿ ಮಾಡುವ ಪರೀಕ್ಷೆ ಸುಲಭ. ಅದರಿಂದ ಯಾರ ಪ್ರಾಣವೂ ಹೋಗುವುದಿಲ್ಲ. ಜಪಮಾಲೆಯ 36 ಮಣಿಗಳು ಇರುವುದು ಆ ಪರೀಕ್ಷೆಗಾಗಿ.